ಬೀಗತಿಯ ಮೇಲಿನ ಪದ

“ಒಂಬಾಳಕ್ಕ, ಬೀಗ್ತೀರು ಉಂಡು ಕುಂತವ್ರೆ. ಸುಮ್ಕೆ ಬುಟ್ರೆ ನಮ್ಮೂರ ಮಾನ ಉಳ್ದಾದಾ? ನಿನ್ ಮಗ್ಳ ಜಾಗಕ್ಕೇ ನನ್ ಮಗ್ಳು ಓಯ್ತಾವ್ಳೆ. ನೀನೇ ಬಯ್ದು ಪದ ಏಳ್ಬೇಕು ಕಣಕ್ಕ” ಎಂದಳು ವಧುವಿನ ತಾಯಿ ಸಣ್ಣತಾಯಮ್ಮ.

ಹೊಂಬಾಳಮ್ಮ ಎಲೆಯಡಿಕೆ ಉಗಿದು ಬಂದು ಚಾಪೆಯ ಮೇಲೆ ಕುಳಿತಳು. ಎದುರಿಗೆ ಗಂಡಿನ ತಾಯಿ ಅಂಕಮ್ಮ. ಮದುವೆಯ ಹಿಂದಿನ ದಿನ ಬೀಗತಿಯನ್ನು ಹಾಡಿನಲ್ಲಿ ಹೀಯಾಳಿಸುವುದು ಮದ್ದೂರು ಸೀಮೆಯ ವಾಡಿಕೆ. ಪದ ಮುಗಿಯುವವರೆಗೆ ಆಕೆ ಏಳುವಂತಿಲ್ಲ, ಮುನಿಯುವಂತಿಲ್ಲ. ಅದನ್ನು ನೆಚ್ಚಿಯೇ ಹೊಂಬಾಳಮ್ಮ ಬಂದಿದ್ದಳು. ಎರಡನೇ ಮಹಾಯುದ್ಧ ಶುರುವಾದ ವರ್ಷ ಅವಳ ಮಗಳು ಬೀರಮ್ಮ, ಇದೇ ಗಂಡಿನ ಮೊದಲ ಹೆಂಡತಿ, ಅಂಕಮ್ಮನ ಮನೆಯಲ್ಲಿ ಕೂಳು ಕಾಣದೆ ಸತ್ತಿದ್ದಳು. ಊರ ಯಜಮಾನರು ಅದನ್ನು ಜ್ವರವೆಂದು ತೀರ್ಮಾನಿಸಿ, ಇನ್ನೆಂದೂ ಆ ಮಾತು ಆಡಕೂಡದೆಂದು ತಾಯಿಯಿಂದ ಗುಡಿಯಲ್ಲಿ ಆಣೆ ಮಾಡಿಸಿದ್ದರು. ವಧು ಚಲುವಮ್ಮನಿಗೂ ಗೊತ್ತಿದ್ದದ್ದು ಜ್ವರದ ಕಥೆಯೇ. ಧಾರೆ ಮರುದಿನ ಬೆಳಿಗ್ಗೆ.

“ಬೀಗತಿ ಮನೆಯ ಒಲೆಯಾಗೆ ಬೆಕ್ಕು ಮಲಗೈತೆ,
ಸೊಸೆ ಉಂಡಾಳೆಂದು ಮಡಕೆ ಅಟ್ಟಕ್ಕೇರೈತೆ.”

ಎಲ್ಲ ಮದುವೆಗಳಲ್ಲೂ ಚಪ್ಪಾಳೆಯ ಮೇಲೆ ಓಡುವ ಪದ. ಹೊಂಬಾಳಮ್ಮ ಒಂದಕ್ಷರವನ್ನೂ ಬದಲಿಸಲಿಲ್ಲ. ಹೆಣದ ಮುಂದೆ ಅಳುವವರ ಎಳೆತದಲ್ಲಿ ಹಾಡಿದಳು. ‘ಸೊಸೆ’ ಎಂಬಲ್ಲಿ ನಿಂತು ಚಲುವಮ್ಮನನ್ನು ನೋಡಿದಳು. ನಗಲು ಸಿದ್ಧರಾಗಿದ್ದ ಹೆಂಗಸರು ನಗಲಿಲ್ಲ. ಸೊಲ್ಲು ಎತ್ತಿಕೊಂಡು ಹಿಂದೆ ಹಾಡಬೇಕಾದವರು ನೆಲ ನೋಡಿದರು.

“ಅವ್ವಾ, ಒಂಬಾಳವ್ವ ಪದವ ಯಾಕಿಂಗೆ ಏಳ್ತದೆ?” ಚಲುವಮ್ಮ ತಾಯಿಯ ಕಡೆ ತಿರುಗಿದಳು. ಸಣ್ಣತಾಯಮ್ಮ ಅವಳ ಮುಡಿಯ ಹೂವು ಸರಿಮಾಡತೊಡಗಿದಳು.

ಉತ್ತರ ಬಂದದ್ದು ಅಂಕಮ್ಮನಿಂದ. “ಪಾಪ, ವಯಸ್ಸಾಗಿ ಗಂಟ್ಲು ಕಟ್ಕಂಡದೆ ಕಣಮ್ಮ. ಬಯ್ಯೋ ಪದ ಇಂಗಾ ಏಳೋದು? ತಡೀರಿ, ನನ್ನ ನಾನೇ ಬಯ್ಕತೀನಿ.”

ಅಂಕಮ್ಮನೂ ಹೆಸರಾದ ಹಾಡುಗಾರ್ತಿ. ಅದೇ ಸಾಲುಗಳನ್ನು ಚಪ್ಪಾಳೆಗೆ ಏರಿಸಿದಳು. ಬೆಕ್ಕಿನಂತೆ ಕಣ್ಣು ಮುಚ್ಚಿ ಆಕಳಿಸಿದಳು. ‘ಮಡಕೆ’ ಎನ್ನುವಾಗ ತನ್ನ ದಪ್ಪ ಹೊಟ್ಟೆಯನ್ನೇ ಬಡಿದುಕೊಂಡಳು. ಚಪ್ಪರ ನಕ್ಕಿತು. ಸೊಲ್ಲು ಎತ್ತಿಕೊಂಡವರಲ್ಲಿ ಸಣ್ಣತಾಯಮ್ಮನೇ ಮೊದಲು.

ಹೊಂಬಾಳಮ್ಮ ಮತ್ತೆ ಆರಂಭಿಸಿದಳು. ಅದೇ ಪದ, ಅದೇ ಎಳೆತ. ತಾಳದ ಅಡಿಯಲ್ಲಿ ಅದು ಪಕ್ಕದವಳಿಗೂ ಕೇಳಿಸಲಿಲ್ಲ.

“ಇನ್ನೊಂದ್ ಕಿತ ಪದ ಏಳು, ಅತ್ತೆ” ಎಂದಳು ಚಲುವಮ್ಮ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಂಕಮ್ಮ ಮುಂದೆ ಬಾಗಿ, ಕಾಡಿಗೆ ಕದಡದಂತೆ, ತನ್ನ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.