ರಂಗಪ್ಪನ ಜೋಡು

"ಏಯ್, ಎದ್ದೇಳೇ ಮುಂಡೇದೆ! ದೇವ್ರ ಬುಡದಾಗೆ ತೊಗಲು ಹಾಸ್ಕಂಡು ಕುಂತೀಯಲ್ಲ, ಕಣ್ಣಾಗೇನು ಮಣ್ಣು ಬಿದ್ದೈತಾ? ಕೆರದಾಗೆ ಹೊಡೀತೀನಿ ನೋಡು!"

ದುರುಗಕ್ಕ ತಲೆ ಎತ್ತಲಿಲ್ಲ. ಎದುರಿಗೆ ನಿಂತ ಕಾಲುಗಳ ಚಪ್ಪಲಿಗೆ ಬಾರು ಹೊಲಿದವಳು ಅವಳೇ. ಬಟ್ಟೆ ಅಂಗಡಿ ಕಲ್ಲೇಶಪ್ಪ ಸಾವ್ಕಾರ.

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಅಂಗಡಿಯ ಪಕ್ಕದ ಗೋಡೆ. ಹನ್ನೊಂದು ವರ್ಷದ ಹಿಂದೆ ಅವಳನ್ನು ಅಲ್ಲಿ ಕೂರಿಸಿದವನೂ ಅವನೇ. "ನೀನು ಕುಂತಿದ್ರೆ ಬಸ್ಸಿಳಿದ ನನ್ಮಕ್ಳು ಇಲ್ಲಿ ಉಚ್ಚೆ ಹೊಯ್ಯಲ್ಲ, ಕುಂತ್ಕ" ಅಂದಿದ್ದ. ಹಗಲೆಲ್ಲ ಅವಳು ಗೋಡೆ ಕಾದಳು. ಅವಳು ಎದ್ದುಹೋದ ಮೇಲೆ ಜನ ತಮ್ಮ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹೋದ ಸೋಮವಾರ ಸಾವ್ಕಾರ ಪೇಂಟರನ್ನು ಕರೆಸಿ ಗೋಡೆಯ ತುಂಬ ಶಿವ, ನಂದಿ, ಗಣಪತಿಯನ್ನು ಬರೆಸಿದ. ಹಗಲೂ ಇರುಳೂ ಕಾಯಲು ದೇವರೇ ಬಂದ ಮೇಲೆ ದುರುಗಕ್ಕ ಬೇಡವಾದಳು.

"ಎಲ್ಲಿಗೆ ಹೋಗ್ಲಿ ಸಾವ್ಕಾರ್ರೆ?"

"ಆ ಚರಂಡಿ ಕಡೆ ಹೋಗು."

ಈ ಗೋಡೆ ತಪ್ಪಿದ ಗಂಡಸರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು.

"ಅಲ್ಲಿ ಉಚ್ಚೆ ಹೊಯ್ತಾರಲ್ರೀ. ಕೆರ ಹೊಲಿಸಾಕೆ ಯಾರು ಬರ್ತಾರೆ ಅಲ್ಲಿಗೆ? ಗಂಡ ಕಣ್ಣು ಕಾಣದೆ ಮನೆ ಹಿಡಿದೈತೆ. ಈ ಜಾಗ ಹೋದ್ರೆ ನಮ್ಮ ಒಲೆ ಹತ್ತಲ್ಲ."

"ತೊಗಲು ಹದ ಮಾಡೋ ಮೂಗಿಗೆ ಉಚ್ಚೆ ನಾತ ಏನು ಮಾಡ್ತತೆ ಬಿಡೇ."

ಬಸ್ಸಿಗೆ ಕಾಯುತ್ತಿದ್ದವರು ನಕ್ಕರು. ದುರುಗಕ್ಕ ದಬ್ಬಳ ಚುಚ್ಚಿ ದಾರ ಎಳೆದಳು. ಕಲ್ಲೇಶಪ್ಪನಿಗೆ ರೇಗಿತು. ಅವಳು ಹಾಸಿಕೊಂಡಿದ್ದ ಗೋಣಿಯನ್ನೇ ಒದ್ದ. ಉಳಿ, ಬಾರುಗಳ ಜೊತೆಗೆ ಮೊಳದುದ್ದದ ಒಂದು ಮೆಟ್ಟು ಹಾರಿ ಚರಂಡಿಗೆ ಬಿತ್ತು.

"ಅಯ್ಯಯ್ಯೋ! ರಂಗಪ್ಪನ ಮೆಟ್ಟು!"

ನಗು ನಿಂತಿತು. ಗುಡ್ಡದ ದೇವರು ರಂಗಪ್ಪ ಇರುಳೆಲ್ಲ ಕಾಡು ತಿರುಗುತ್ತಾನೆ, ಅವನ ಮೆಟ್ಟು ಸವೆಯುತ್ತವೆ, ಹರಕೆ ಹೊತ್ತವರು ಹೊಸ ಜೋಡು ಒಪ್ಪಿಸಬೇಕು. ಒಂಬತ್ತು ದಿನ ಒಂದೊತ್ತು ಉಂಡು ಹೊಲಿಯುವವರು ದುರುಗಕ್ಕನ ಮನೆಯವರು. ಗುಡಿಯ ಬಾಗಿಲಿನವರೆಗೆ ಹೊತ್ತು ಒಯ್ಯುವವರೂ ಅವರೇ. ಅಲ್ಲಿಂದ ಒಳಕ್ಕೆ ಮೆಟ್ಟು ಹೋಗುತ್ತವೆ, ಅವರು ಹೋಗುವಂತಿಲ್ಲ. ಒಳಗೆ ಪೂಜಾರಿ ಅವನ್ನು ಭಕ್ತರ ತಲೆಗೆ ಮುಟ್ಟಿಸಿದರೆ ಎಂಥ ತಪ್ಪೂ ಕಳೆಯುತ್ತದೆ.

"ಯಾರ ಹರಕೇನೆ?" ಕಲ್ಲೇಶಪ್ಪನ ದನಿ ಇಳಿದಿತ್ತು.

"ನಿಮ್ದೇ ರೀ. ನಿಮ್ಮ ಮಗಂಗೆ ಜ್ವರ ನೆತ್ತಿಗೇರಿದಾಗ ಅಮ್ಮಾರು ಹೊತ್ತಿದ್ದು."

ಅಂಗಡಿ ಬಾಗಿಲಲ್ಲಿದ್ದ ಅವನ ಹೆಂಡತಿ ಸರ್ವಮಂಗಳಮ್ಮ ಬಾಯಿ ಬಡಿದುಕೊಳ್ಳುತ್ತ ಓಡಿಬಂದಳು.

"ಒದ್ದೇಬಿಟ್ರಾ? ಇದ್ದೊಬ್ಬ ಮಗ ಉಳಿಯಾದು ಬ್ಯಾಡಾ ನಿಮಿಗೆ? ಹೊತ್ತು ಮುಳುಗಾದ್ರೊಳಗೆ ತಲೆಗೆ ಮುಟ್ಟಿಸ್ಕಳ್ರಿ!"

"ಪೂಜಾರಿ ಗುಡ್ಡದಾಗವ್ನಲ್ಲೇ..."

"ಹೊಲಿದ ಕೈ ಇಲ್ಲೇ ಐತಲ್ಲ, ಮುಟ್ಟಿಸ್ಕಳ್ರಿ!"

ದುರುಗಕ್ಕ ಎಡಗಾಲಿನ ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಚರಂಡಿಗಿಳಿದಳು. ಬಲಗಾಲಿನದನ್ನು ಎತ್ತಿಕೊಂಡು ಮೇಲೆ ಬಂದಾಗ ಕಪ್ಪು ನೀರು ಸೋರಿತು. ಒರೆಸಲು ಸೆರಗು ಹಿಡಿದವಳು, ಏನೋ ಹೊಳೆದು ಸೆರಗು ಬಿಟ್ಟಳು.

"ನನ್ನ ಜಾಗ ನನಗೆ ಬಿಡ್ತೀರಾ?"

ಅವನು ಗೋಡೆ ನೋಡಿದ. ಮಗ ಮಲಗಿದ್ದ ಮನೆಯ ಕಡೆ ನೋಡಿದ. ಮತ್ತೆ ಗೋಡೆ ನೋಡಿದ.

"ಅದೊಂದು ಬಿಟ್ಟು ಏನಾರ ಕೇಳು, ದುರುಗಕ್ಕ. ದೇವ್ರಿಗೆ ಮೈಲಿಗೆ ಆಗ್ತತೆ."

ಹನ್ನೊಂದು ವರ್ಷದಲ್ಲಿ ಅವನು ಅಕ್ಕ ಅಂದದ್ದು ಅದೇ ಮೊದಲು. ನಾಳೆಯಿಂದ ಚರಂಡಿಯ ಕಡೆಗೇ ಎಂಬುದು ಅವಳಿಗೆ ಖಾತ್ರಿಯಾಯಿತು.

"ಹಂಗಾರೆ ಬಗ್ರಿ."

ಅವನು ಟೋಪಿ ತೆಗೆದು ಹೆಂಡತಿಯ ಕೈಗಿತ್ತು ತಲೆ ಬಗ್ಗಿಸಿದ. ಪೂಜಾರಿ ಹೂವಿನ ಹಾಗೆ ಮುಟ್ಟಿಸುತ್ತಾನಂತೆ. ದುರುಗಕ್ಕ ಗುಡಿಯ ಒಳಗೆ ಹೋಗಿ ಎಂದೂ ನೋಡಿದವಳಲ್ಲ. ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ಬೀಸಿದಳು.

ಫಟಾರ್ ಎಂದ ಸದ್ದಿಗೆ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಚರಂಡಿಯ ನೀರು ಹಣೆಯ ವಿಭೂತಿಯನ್ನು ಕಲಸಿಕೊಂಡು ಅವನ ಮೀಸೆಗಿಳಿಯಿತು. ಯಾರೂ ನಗಲಿಲ್ಲ. ಸರ್ವಮಂಗಳಮ್ಮ "ರಂಗಪ್ಪಾ, ತಂದೇ" ಎಂದು ಕೈಮುಗಿದಳು.

ಕಲ್ಲೇಶಪ್ಪ ಮೆಲ್ಲಗೆ ತಲೆ ಎತ್ತತೊಡಗಿದ.

ದುರುಗಕ್ಕ ಕಂಕುಳಲ್ಲಿದ್ದುದನ್ನು ಕೈಗೆ ತೆಗೆದುಕೊಂಡಳು.

"ಏಳಬ್ಯಾಡ್ರಿ ಸಾವ್ಕಾರ್ರೆ. ಎಡಗಾಲಿಂದು ಬಾಕಿ ಐತೆ."