ತಲೆ ಎತ್ತುವ ಕೋವಿ

ಈಟಿ ಹಾರಿಸುವ ನನ್ನ ಮರದ ಕೋವಿಗೆ ಮೂರನೆಯ ರಬ್ಬರು ಕಟ್ಟಿದ ದಿನ, ಅದನ್ನು ಎಳೆಯುವಾಗ ಹಿಡಿ ಒತ್ತಿ ಒತ್ತಿ ನನ್ನ ಎದೆಯ ಮೇಲೆ ಅಂಗೈಯಗಲದ ನೀಲಿ ಗುರುತು ಬಿತ್ತು. ಈಟಿ ಮಾತ್ರ ಇನ್ನಷ್ಟು ಮೇಲಕ್ಕೇ ಹೋಯಿತು.

ಕಡಲಲ್ಲಿ ಕಂಬಗಳ ಮೇಲೆ ನಿಂತ ನಮ್ಮ ಮನೆಯ ಅಡಿಯ ನೀರಿನಲ್ಲಿ, ಎರಡು ಕಂಬಗಳ ನಡುವೆ, ತೆಂಗಿನ ಸಿಪ್ಪೆಯೊಂದಕ್ಕೆ ಕಲ್ಲು ಕಟ್ಟಿ ನಿಲ್ಲಿಸಿದ್ದೆ. ಅದರ ಹೊಟ್ಟೆಗೆ ಕೆಂಪು ಬಟ್ಟೆಯ ಚೂರು ಸಿಕ್ಕಿಸಿದ್ದೆ, ಅದೇ ಮೀನಿನ ಕಣ್ಣು ಅಂತ. ಕೋವಿಗೆ ಒಂದೇ ರಬ್ಬರಿದ್ದಾಗ ಈಟಿ ಕಣ್ಣಿಗಿಂತ ನಾಲ್ಕು ಬೆರಳು ಮೇಲೆ ಬೀಳುತ್ತಿತ್ತು. ಎರಡಾದಾಗ ಒಂದು ಗೇಣು. ಮೂರು ಕಟ್ಟಿದಾಗ ಸಿಪ್ಪೆಯನ್ನೇ ಬಿಟ್ಟು ಹಿಂದಿನ ಮನೆಕಂಬಕ್ಕೆ ಹೋಗಿ ನಾಟಿಕೊಂಡಿತು. ಕಂಬಕ್ಕೆ ಎರಡೂ ಕಾಲು ಕೊಟ್ಟು ಈಟಿ ಜಗ್ಗುತ್ತಿದ್ದಾಗ ತಲೆಯ ಮೇಲೆ, ಹಲಗೆಗಳ ಸಂದಿಯಲ್ಲಿ, ಅಜ್ಜಿಯ ಕಣ್ಣೊಂದು ಕಾಣಿಸಿತು.

"ಮಸ್ನಾ, ಮನೆ ಬೀಳಿಸ್ತೀಯೇನೇ? ಮೀನು ಕಂಬದೊಳಗೆ ಇರಲ್ಲ ಕಣೇ, ನೀರಲ್ಲಿ ಇರತ್ತೆ!"

ನಾನು ಹಲ್ಲು ಕಚ್ಚಿ ಇನ್ನೊಮ್ಮೆ ಜಗ್ಗಿದೆ.

ಇನ್ನು ಐದೇ ದಿನ. ಅಮಾವಾಸ್ಯೆ ಕಳೆದ ಮರುದಿನ ಬಹ್ತಿಯಾರ್ ಮಾಮನ ದೋಣಿ ಪೊಂಗ್ಕಾಕ್ಕೆ ಹೊರಡುತ್ತದೆ. ಪೊಂಗ್ಕಾ ಅಂದರೆ ದೂರದ ಹವಳದ ದಿಬ್ಬಗಳ ನಡುವೆ ಎರಡು ತಿಂಗಳು ದೋಣಿಯಲ್ಲೇ ಬದುಕು, ದೋಣಿಯಲ್ಲೇ ನಿದ್ದೆ. ನಾನು ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಮರಗೆಣಸಿನ ಹಿಟ್ಟಿನ ಕಸುವಾಮಿ ಬೇಯಿಸುವುದಕ್ಕೆ, ಒಲೆಯ ಹೊಗೆಗೆ ಕಣ್ಣು ಕೆಂಪು ಮಾಡಿಕೊಳ್ಳುವುದಕ್ಕೆ. ಈ ಸಲ ಎಲ್ಲರೂ ಊಟಕ್ಕೆ ಕೂತಾಗ ನಾನು ಕೇಳಿಯೇಬಿಟ್ಟಿದ್ದೆ. ಮಾಮ ಅನ್ನದ ಕೈ ನಿಲ್ಲಿಸದೆಯೇ ಹೇಳಿದ್ದ: "ಹೊರಡೋ ದಿನದೊಳಗೆ ಮೊಳದುದ್ದದ ಮೀನೊಂದು ತಾ. ನಿನ್ನ ಕೋವಿಯಿಂದಲೇ ಹೊಡೆದಿರಬೇಕು. ಮೀನು ಬಂದ್ರೆ ನೀನು ಹೊಡೆಯೋಳು. ಬರದಿದ್ರೆ ಬೇಯಿಸೋಳು."

ನನ್ನ ಕೋವಿಯೋ! ನನಗೆ ಹನ್ನೆರಡು ತುಂಬಿದಾಗ ದೋಣಿ ಕಟ್ಟಿ ಮಿಕ್ಕ ಹಲಗೆಯಲ್ಲಿ ಇದೇ ಮಾಮ ಕೆತ್ತಿಕೊಟ್ಟದ್ದು. ಕಲಿಯುವವರ ಕೋವಿ. ಈಟಿಯಾಗಿ ಒಂದು ಸಣ್ಣ ಸರಳು, ಸೈಕಲ್ ಟ್ಯೂಬಿನ ಒಂದು ರಬ್ಬರು. ಅಂಗೈಯಷ್ಟಿನ ಮೀನುಗಳಿಗೆ ಅದು ಸಾಕಿತ್ತು. ಮೊಳದುದ್ದದ ಮೀನು ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ದೂರದಿಂದ ಹೊಡೆಯಲೆಂದೇ ರಬ್ಬರು ಹೆಚ್ಚಿಸುತ್ತ ಹೋಗಿದ್ದೆ. ಹೊಸದು ಕೆತ್ತೋಣವೆಂದರೆ ಒಣಗಿದ ಮರ ಬೇಕು, ಒಂದು ತಿಂಗಳು ಬೇಕು. ಬೇರೆಯವರದನ್ನು ಕೇಳುವ ಹಾಗೂ ಇಲ್ಲ. ನಮ್ಮಲ್ಲಿ ಕೋವಿಯನ್ನು ಅವರವರ ತೋಳಿಗೆ ಅಳೆದು ಮಾಡುತ್ತಾರೆ. ತೋಳು ಸಾಲ ಕೊಡುವವರು ಯಾರಿದ್ದಾರೆ?

ಮಾಮನ ಮಗ ರುಸ್ತಾಂ ತನ್ನ ದೋಣಿಯಲ್ಲಿ ಹೋಗುತ್ತ ಹುಟ್ಟು ನಿಲ್ಲಿಸಿದ.

"ಏನು ಮಸ್ನಾ, ಹಕ್ಕಿ ಹೊಡಿಯೋ ಕೋವೀನಾ?"

"ಹೋಗೋ, ನಿನ್ನ ಕೆಲಸ ನೋಡ್ಕೋ."

"ಅಲ್ಲ, ಮೇಲಕ್ಕೇ ಹೋಗತ್ತಲ್ಲ, ಅದಕ್ಕೆ ಕೇಳ್ದೆ. ನಾಲ್ಕನೇ ರಬ್ಬರು ಕಟ್ಟು. ಮೋಡದಿಂದ ಏನಾದ್ರೂ ಬೀಳಬಹುದು."

ಅಂದು ಸಂಜೆ ನಾನು ಎಲೆ ಅಡಿಕೆ ಮಡಿಸಿ, ಮೆಟ್ಟಿಲ ಕೊನೆಯಲ್ಲಿ ಕೂತು ನೀರಿಗೆ ಬಿಟ್ಟೆ. ನಾನು ಹುಟ್ಟಿದಾಗ ನನ್ನ ಜೊತೆ ಬಂದ ಮಾಸನ್ನು ಅಪ್ಪ ಕರಟದಲ್ಲಿಟ್ಟು ಇದೇ ನೀರಿಗೆ ಇಳಿಸಿದ್ದನಂತೆ. ನಮ್ಮವರ ಲೆಕ್ಕದಲ್ಲಿ ಅದು ನನಗಿಂತ ಅರೆಗಳಿಗೆ ದೊಡ್ಡದು, ನನ್ನ ಅಕ್ಕ. ಇಡೀ ದಿನ ಅವಳೇ ನನ್ನ ಮೊಣಕೈ ಮೇಲಕ್ಕೆ ತಳ್ಳುತ್ತಿದ್ದಾಳೆ ಅನ್ನಿಸಿತ್ತು. ನಾನು ಹೊರಡುವುದು ಅವಳಿಗೆ ಬೇಡವಿರಬಹುದು. ಅಜ್ಜಿಯ ಹತ್ತಿರ ಹೇಳಿದೆ.

ಅಜ್ಜಿ ಬೀಸುಬಲೆಯ ಹರಕು ಹೊಲಿಯುತ್ತಿದ್ದಳು. "ನಿನ್ನ ಅಕ್ಕನಿಗೆ ಬೇರೆ ಕೆಲಸ ಇಲ್ವಾ? ದಿನವಿಡೀ ನಿನ್ನ ಮೊಣಕೈ ಹಿಡ್ಕೊಂಡು ಕೂತಿರ್ತಾಳಾ?"

ಆಗ ನನಗೆ ಅವಳದೇ ಕತೆ ನೆನಪಾಯಿತು. ಮರ ಬೆಟ್ಟದ್ದು. ದಡದವರು ಕಡಿದು ಕೊಟ್ಟರೂ ಅದಕ್ಕೆ ಬೆಟ್ಟ ಮರೆಯುವುದಿಲ್ಲ. ನೀರಿಗಿಳಿಸಿದಾಗಲೆಲ್ಲ ತಲೆ ಎತ್ತಿ ತನ್ನ ಬೆಟ್ಟ ಎಲ್ಲಿದೆ ಅಂತ ಹುಡುಕುತ್ತದೆ. ಹಿಂದೆ ಒಬ್ಬ ಮುತ್ತಜ್ಜ ತನ್ನ ಕೋವಿಯನ್ನು ನಾಲ್ಕು ಉಬ್ಬರ, ನಾಲ್ಕು ಇಳಿತ ಮನೆಯ ಕಂಬಕ್ಕೆ ಕಟ್ಟಿ ಮುಳುಗಿಸಿಟ್ಟನಂತೆ. ಐದನೆಯ ಉಬ್ಬರಕ್ಕೆ ಮರ ಬೆಟ್ಟವನ್ನು ಮರೆತು ಮೀನಾಯಿತಂತೆ.

ಎಷ್ಟು ಸಲ ಈ ಕತೆ ಕೇಳಿ ನಿದ್ದೆಹೋಗಿದ್ದೇನೋ! ತಲೆ ಎತ್ತುವ ಮರ! ನನ್ನ ಕೋವಿಯ ರೋಗ ಇದೇ. ಯಾರಿಗೂ ಹೇಳದೆ ಅದನ್ನು ಕಂಬಕ್ಕೆ ಬಿಗಿದು ಮುಳುಗಿಸಿದೆ. ಎರಡು ದಿನ ಉಬ್ಬರ ಇಳಿತ ಎಣಿಸುತ್ತ ಕೂತೆ. ರುಸ್ತಾಂ ಕೇಳಿದರೆ "ನಾಳೆ ನೋಡು" ಅಂದೆ. ಅಷ್ಟು ಖುಷಿಯಲ್ಲಿದ್ದೆ.

ಐದನೆಯ ಉಬ್ಬರಕ್ಕೆ ಬಿಚ್ಚಿದರೆ ಮರ ಉಬ್ಬಿಕೊಂಡಿತ್ತು. ಟ್ರಿಗರಿನ ಕಬ್ಬಿಣ ಕೂರುವ ಸಂದು ಬಾಯಿ ಮುಚ್ಚಿತ್ತು. ಎಳೆದೆ, ಬಡಿದೆ, ಎಣ್ಣೆ ಹಾಕಿದೆ, ಹಲ್ಲಿನಿಂದಲೂ ಎಳೆದೆ. ಅಲುಗಲಿಲ್ಲ.

"ನೀರಲ್ಲಿ ಇಟ್ಟಿದ್ದೆಯಾ? ಎರಡು ದಿನ?" ಅಜ್ಜಿ ಸೂಜಿ ಕೆಳಗಿಟ್ಟಳು. "ಯಾವ ತಲೆಕೆಟ್ಟವರು ಹೇಳಿದ್ರು ನಿಂಗೆ?"

"ನೀನೇ! ಬೆಟ್ಟ ಮರೆಯೋ ಮರದ ಕತೆ!"

"ಅಯ್ಯೋ ನನ್ನ ಕರ್ಮವೇ! ಅದು ನೀನು ಮಲಗ್ಲಿ ಅಂತ ಹೇಳ್ತಿದ್ದದ್ದು ಕಣೇ! ನಾಲ್ಕು ಉಬ್ಬರ, ನಾಲ್ಕು ಇಳಿತ ಎಣಿಸೋ ಅಷ್ಟೊತ್ತಿಗೆ ನಿಂಗೆ ಕಣ್ಣು ಎಳೀತಿತ್ತು. ಇಲ್ದಿದ್ರೆ ಇನ್ನೂ ನಾಲ್ಕು ಸೇರಿಸ್ತಿದ್ದೆ!"

ಅವಳ ಮೇಲೆ ಆಗ ಬಂದಷ್ಟು ಕೋಪ ನನಗೆ ಯಾರ ಮೇಲೂ ಬಂದಿರಲಿಲ್ಲ. ನನ್ನ ಮೇಲಂತೂ ಇನ್ನೂ ಹೆಚ್ಚು.

ಮರುದಿನ ಬೆಳಗಿನಿಂದ ಕೋವಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಒಣಗಿತು. ಮಧ್ಯಾಹ್ನ ಸಂದನ್ನು ಅರದಿಂದ ಉಜ್ಜಿ ಉಜ್ಜಿ ಟ್ರಿಗರ್ ಬಿಡಿಸಿದೆ. ಕೈಬೆರಳ ತುದಿಗಳು ಸುಲಿದವು. ನೀರಿಗಿಳಿದು ಹೊಡೆದೆ. ಮತ್ತೆ ಕಂಬಕ್ಕೇ ನಾಟಿತು.

ಆಗ ನನಗೆ ಏನಾಯಿತೋ. ಈಟಿ ಕಿತ್ತುಕೊಂಡು ಮೇಲೆ ಬಂದವಳೇ ಬರಿ ಕೋವಿಯನ್ನು ಜಗಲಿಯಿಂದ ಬೀಸಿ ಎಸೆದೆ. "ಹೋಗು! ಬೆಟ್ಟಕ್ಕೇ ಹೋಗು!"

ಅದು ಹೋಗಲಿಲ್ಲ. ನೀರಲ್ಲಿ ಬಿದ್ದು, ಹಿಡಿಯ ಕಡೆ ಮುಳುಗಿ, ಮೂತಿ ಮೇಲೆತ್ತಿಕೊಂಡು ನಿಂತಿತು, ನೀರುಹಾವು ಕುತ್ತಿಗೆ ಎತ್ತಿದ ಹಾಗೆ. ಅಲೆ ಬಂದಾಗ ಅಲ್ಲಾಡಿತು. ಮತ್ತೆ ಮೂತಿ ಮೇಲೆ.

ನಾನು ಬಹಳ ಹೊತ್ತು ನೋಡಿದೆ. ಹಿಡಿಯ ಕಡೆ ದಪ್ಪ, ಕಬ್ಬಿಣವೂ ಅಲ್ಲೇ. ಮೂತಿಯ ಕಡೆ ಬರಿ ಹಗುರ ಮರ. ಈಟಿ ಇರುವ ತನಕ ಅದರ ಭಾರ ಮೂತಿಯನ್ನು ಒತ್ತಿ ಹಿಡಿದಿರುತ್ತದೆ. ಈಟಿ ಜಾರತೊಡಗಿದ ಕ್ಷಣವೇ ಮೂತಿ ಮೇಲೇಳುತ್ತದೆ, ಹೋಗುವ ಈಟಿಯ ಬಾಲವನ್ನು ಒದ್ದು ಕಳಿಸುತ್ತದೆ. ರಬ್ಬರು ಹೆಚ್ಚಿದಷ್ಟೂ ಒದೆತ ಹೆಚ್ಚು. ನಾನು ನಾಲ್ಕು ದಿನ ಕೂತು ರೋಗಕ್ಕೇ ಊಟ ಹಾಕಿದ್ದೆ!

"ಅಜ್ಜೀ, ನಿನ್ನ ಬಲೆಯ ಸೀಸದ ಗುಂಡು ಬೇಕು."

"ಮುಟ್ಟಿದ್ರೆ ಕೈ ಮುರೀತೀನಿ."

"ಮೂರೇ ಮೂರು."

"ಎರಡು."

ಒಂಬತ್ತು ಬಿಚ್ಚಿಕೊಂಡೆ. ಅವಳು ನೋಡಿಯೂ ನೋಡದ ಹಾಗೆ ಆಚೆ ತಿರುಗಿ ಅಡಿಕೆ ಕುಟ್ಟಿದಳು. ಗುಂಡುಗಳನ್ನು ಕಲ್ಲಿನಿಂದ ಚಪ್ಪಟೆ ಬಡಿದು, ಮೂತಿಯ ಅಡಿಗೆ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿದೆ. ನೀರಿಗಿಟ್ಟೆ, ತೆಗೆದೆ, ಒಂದು ಗುಂಡು ಕಡಿಮೆ ಮಾಡಿದೆ, ಮತ್ತೆ ಇಟ್ಟೆ. ಎಂಟನೆಯ ಸಲ ಕೋವಿ ಮಲಗಿದ ಮೀನಿನ ಹಾಗೆ ಮಟ್ಟಸವಾಗಿ ತೇಲಿತು. ಮೂರನೆಯ ರಬ್ಬರನ್ನು ಕತ್ತರಿಸಿ ಎಸೆದೆ. ಎರಡರಲ್ಲಿ ಹೊಡೆದೆ. ಕೆಂಪು ಬಟ್ಟೆಯ ಚೂರು ಸಿಪ್ಪೆಯೊಳಗೆ ಹೂತುಹೋಯಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಈಟಿಗೆ ಕಟ್ಟಿದ ದಪ್ಪ ಹಗ್ಗ ನೀರನ್ನು ಎಳೆಯುತ್ತದೆ, ಸಣ್ಣ ದಾರವಾದರೆ ಇನ್ನೊಂದು ಮೊಳ ದೂರ ಹೋದೀತು ಅನ್ನಿಸಿತು. ಬದಲಿಸಿದೆ. ರುಸ್ತಾಂ ದಾರವನ್ನು ಬೆರಳಲ್ಲಿ ಮೀಟಿ ನೋಡಿದ. "ಗಾಳಿಪಟಕ್ಕೆ ಸಾಕು ಇದು."

"ನೀನು ಹೊಟ್ಟೆಕಿಚ್ಚಿನವನು."

ಹೊರಡುವ ದಿನ ಬೆಳಕು ಹರಿಯುವಾಗಲೇ ನಾನು ಹವಳದ ಅಂಚಿನಲ್ಲಿದ್ದೆ. ಮುಳುಗುವಾಗ ಹಾಕುವ ಮರದ ಚೌಕಟ್ಟಿನ ಕನ್ನಡಕದೊಳಗಿಂದ ನೋಡಿದರೆ ನೀರು ಹೊಸದಾಗಿ ತೊಳೆದ ಹಾಗಿತ್ತು. ಎರಡಾಳು ಆಳದಲ್ಲಿ, ಬಿಲದ ಬಾಯಲ್ಲಿ, ಕೆಂಪು ಮುರು ಮೀನೊಂದು ತನ್ನದೇ ಅಂಗಳ ಅನ್ನುವಂತೆ ನಿಂತಿತ್ತು. ಒಂದು ಮೊಳವಲ್ಲ, ಒಂದೂವರೆ. ಉಸಿರು ಹಿಡಿದು ಇಳಿದೆ. ಅಕ್ಕಾ, ಈಗ ಮೊಣಕೈ ಮುಟ್ಟಬೇಡ ಅಂದುಕೊಂಡೆ. ಟ್ರಿಗರ್ ಎಳೆದೆ.

ಕೋವಿ ತಲೆ ಎತ್ತಲಿಲ್ಲ. ಈಟಿ ನೇರವಾಗಿ ಕಿವಿರಿನ ಹಿಂದೆ ಹೊಕ್ಕಿತು.

ಮೀನು ಒಂದೇ ನೆಗೆತಕ್ಕೆ ಬಿಲದೊಳಗೆ ನುಗ್ಗಿತು. ದಾರ ಹವಳದ ಅಂಚಿಗೆ ತಗುಲಿ ಟಿಣ್ ಅಂತ ತುಂಡಾಯಿತು. ಬಿಲದೊಳಗೆ ಭುಜದ ತನಕ ಕೈ ಹಾಕಿದೆ, ನಾಲ್ಕು ಸಲ ಮುಳುಗಿದೆ. ಕೈಗೆ ಸಿಕ್ಕಿದ್ದು ಮರಳು ಮಾತ್ರ.

ದೋಣಿಗೆ ಅಕ್ಕಿಮೂಟೆ, ನೀರಿನ ಡಬ್ಬ ಏರಿಸುತ್ತಿದ್ದರು. ನಾನು ಖಾಲಿ ಕೋವಿ ಹಿಡಿದು ನಿಂತೆ.

"ಮೀನೆಲ್ಲಿ?" ಮಾಮ ಕೇಳಿದ.

"ಬಿಲದಲ್ಲಿ."

"ಈಟಿ?"

"ಮೀನಲ್ಲಿ."

ರುಸ್ತಾಂ ಮೂಟೆಯ ಮೇಲೆ ಕುಸಿದು ಕೂತು ನಕ್ಕ. "ಹಾಗಾದ್ರೆ ಈಗ ಕೋವಿ ಅರ್ಧ ಇವಳದ್ದು, ಅರ್ಧ ಮೀನಿನದ್ದು!"

ಮಾಮ ನಗಲಿಲ್ಲ. ಕೋವಿ ತೆಗೆದುಕೊಂಡು ಸೀಸದ ಪಟ್ಟಿಯನ್ನು ಬೆರಳಿನಿಂದ ಸವರಿದ, ಬಾಗಿ ನೀರಲ್ಲಿಟ್ಟ. ಅದು ಮಟ್ಟಸವಾಗಿ ತೇಲಿತು. ಕೆತ್ತಿದವನು ಅವನೇ ಅಲ್ಲವೇ? ಮೂತಿಯನ್ನು ಒಮ್ಮೆ ಒತ್ತಿ ಬಿಟ್ಟು ನೋಡಿದ. ಆಮೇಲೆ, "ರುಸ್ತಾಂ, ಇದನ್ನೂ ಒಳಗಿಡು. ನಿನ್ನದು ಕೆಟ್ಟರೆ ಬೇಕಾಗತ್ತೆ."

"ಮತ್ತೆ ನಾನು?"

"ಹೇಳಿದ್ದೆನಲ್ಲ. ಮೀನಿಲ್ಲ. ಸೌಟು ತಗೊಂಡು ಬಾ."

ಕೋವಿಯನ್ನು ಅವನ ಕೈಯಿಂದ ಕಿತ್ತುಕೊಂಡೆ. "ಇದು ನನ್ನ ತೋಳಿನ ಅಳತೆ. ರುಸ್ತಾಂಗೆ ಬೇಕಾದ್ರೆ ಅವನ ತೋಳು ಒಂದು ಗೇಣು ಕತ್ತರಿಸಿಕೊಳ್ಳಲಿ. ನಾನು ಹೊಡೆಯೋದಾದ್ರೆ ಇದು ಬರತ್ತೆ. ಇಲ್ದಿದ್ರೆ ನಾವಿಬ್ಬರೂ ಬರಲ್ಲ. ಗಂಜಿ ನೀವೇ ಬೇಯಿಸ್ಕೊಳ್ಳಿ."

ಜಗಲಿಯ ಮೇಲಿಂದ ಅಜ್ಜಿ ಕೂಗಿದಳು: "ಬಹ್ತಿಯಾರ್! ಅದರಲ್ಲಿರೋ ಸೀಸ ನಂದು! ಎಂಟು ಗುಂಡು! ಅವಳು ಇಲ್ದೆ ಅದು ಈ ಮೆಟ್ಟಿಲು ಇಳಿಯಲ್ಲ!"

"ಸರಿ ಸುಮ್ನಿರವ್ವ." ಮಾಮ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ ತಲೆ ಕೆರೆದುಕೊಂಡ. "ದೋಣಿ ಹತ್ತು. ಕೋವಿ ಹಿಡ್ಕೊಂಡೇ ಹತ್ತು. ಆದ್ರೆ ಮೊದಲ ಮೀನು ದೋಣಿಗೆ ಬೀಳೋ ತನಕ ಸೌಟೂ ನಿಂದೇ."

ಹಲಗೆಯಡಿಯಿಂದ ತನ್ನ ಹಳೆಯ ಸರಳೊಂದನ್ನು ಎಳೆದು ನನ್ನತ್ತ ಎಸೆದ. ದಪ್ಪ, ಉದ್ದ, ಹೊಡೆಯುವವರ ಈಟಿ. ಅಂದು ಮೊದಲ ಬಾರಿಗೆ ನಕ್ಕೆ. ಅದನ್ನು ಕೋವಿಗೆ ಕೂರಿಸಿ, ದೋಣಿಯಂಚಿನಿಂದ ನೀರಲ್ಲಿಟ್ಟು ನೋಡಿದೆ.

ಸೀಸದ ಜೊತೆ ಹೊಸ ಈಟಿಯ ಭಾರವೂ ಸೇರಿ ಮೂತಿ ಸೀದಾ ತಳ ಹುಡುಕಿಕೊಂಡು ಇಳಿಯಿತು, ಅಲ್ಲೇನೋ ಬಿದ್ದುಹೋಗಿದೆ ಅನ್ನುವ ಹಾಗೆ.

ಕಂಬಗಳು ಹಿಂದೆ ಸರಿದವು. ಅಜ್ಜಿ ಚಿಕ್ಕದಾದಳು. ದೋಣಿಯ ಒಲೆಯ ಮೇಲೆ ಕಸುವಾಮಿ ಹೊಗೆಯಾಡುತ್ತಿತ್ತು. ನಾನು ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸುಲಿದ ಬೆರಳುಗಳಿಂದ, ಬೈಯುತ್ತ ಬೈಯುತ್ತ, ಬಿಗಿದು ಸುತ್ತಿದ್ದ ಟ್ಯೂಬಿನ ಪಟ್ಟಿಯನ್ನು ಮತ್ತೆ ಬಿಚ್ಚತೊಡಗಿದೆ.