ಕಡೆಯ ಚೀಟಿ

ನನ್ನ ಗಂಡ ನೀಲಪ್ಪನಿಗೆ ಆ ಭಾನುವಾರ ಇದ್ದದ್ದು ಒಂದೇ ಕೆಲಸ, ಸುಮ್ಮನೆ ಕೂರುವುದು. "ಇವತ್ತೊಂದಿನ ಬಾಯಿ ಮುಚ್ಕೊಂಡ ಕುಂದರ್ರಿ, ಮನಿ ನಮ್ದಾಗ್ತೈತಿ," ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಹೂಂ ಹೂಂ ಎಂದಿದ್ದ. ಅವನ ಹೂಂಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿರಬೇಕಿತ್ತು.

ನಾಗಸಂದ್ರದ ಪಿಳ್ಳಮ್ಮನವರು ಇಪ್ಪತ್ತು ಜನರ ಲಕ್ಷ ರೂಪಾಯಿ ಚೀಟಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಅವರ ಹಜಾರದಲ್ಲಿ ಕೂಗು. ಹೆಚ್ಚು ಕಳೆದುಕೊಳ್ಳಲು ಒಪ್ಪಿದವರಿಗೆ ಆ ತಿಂಗಳ ಹಣ, ಅವರು ಬಿಟ್ಟುಕೊಟ್ಟದ್ದು ಎಲ್ಲರಿಗೂ ಹಂಚಿಕೆ. ಉಳಿದವರೆಲ್ಲ ಚೀಟಿ ಎತ್ತಿ ಮುಗಿದು, ನಾವು ಮತ್ತು ನಮ್ಮೂರಿನವನೇ ಆದ ಬಸಲಿಂಗ ಮಾತ್ರ ಉಳಿದಿದ್ದೆವು. ಈ ತಿಂಗಳು ಅವನಿಗೆ ಬಿಟ್ಟರೆ ಮುಂದಿನ ತಿಂಗಳು ಕೂಗೇ ಇಲ್ಲ, ಇಡೀ ಲಕ್ಷ ನಮ್ಮದು. ಅದನ್ನು ಕೊಟ್ಟರೆ ಪಿಳ್ಳಮ್ಮನವರ ಹಿತ್ತಲಿನ ಶೀಟಿನ ಮನೆ ಮೂರು ವರ್ಷ ಲೀಸಿಗೆ. ಬಾಡಿಗೆ ತಪ್ಪಿದರೆ ನಾನು ಗಾರ್ಮೆಂಟ್ಸ್ ಬಿಡಬಹುದಿತ್ತು. ಹೊಲಿದು ಹೊಲಿದು ನನ್ನ ಸೊಂಟ ಕೈಕೊಟ್ಟಿತ್ತು.

"ಐದ ಸಾವಿರ," ಎಂದು ಬಸಲಿಂಗ ಕೂಗಿದ. ನೀಲಪ್ಪ ಸುಮ್ಮನಿದ್ದ. ದೇವರು ದೊಡ್ಡವನು ಅಂದುಕೊಂಡೆ.

ಬಸಲಿಂಗ ಬಿಡಬೇಕಲ್ಲ. "ನೀಲಪ್ಪಗ ಮನ್ಯಾಗ ಪರ್ಮಿಷನ್ ಸಿಕ್ಕಿಲ್ಲ ಕಾಣಸ್ತೈತಿ," ಎಂದ. ಹಜಾರವೆಲ್ಲ ನಕ್ಕಿತು.

ಪೀಣ್ಯದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಏನಂದರೂ ತಲೆ ತಗ್ಗಿಸುವ ಮನುಷ್ಯ ಅಂದು ತಲೆ ಎತ್ತಿದ. "ಹತ್ತು!" ಎಂದ. ಬಸಲಿಂಗ ಹದಿನೈದು ಎಂದರೆ ಇವನು ಇಪ್ಪತ್ತು. ನಾನು ಅಂಗಿ ಜಗ್ಗಿದೆ, ಕೈ ಕೊಡವಿದ.

"ನೋಡ್ಕಂಡ್ ಕೂಗಪ್ಪ ನೀಲಪ್ಪ, ಆಮ್ಯಾಕೆ ಅಂಗಲ್ಲ ಇಂಗೆ ಅನ್ನಂಗಿಲ್ಲ," ಎಂದರು ಪಿಳ್ಳಮ್ಮ.

"ಮೂವತ್ತೈದು!" ಎಂದ ನನ್ನ ಗಂಡ.

ಬಸಲಿಂಗ ಕೈಮುಗಿದ. "ಸಾಕಪಾ, ನೀನ ಗೆದ್ದಿ."

ಚಪ್ಪಾಳೆ ಬಿತ್ತು. ಯಾಕೆ ಬೀಳುವುದಿಲ್ಲ? ತಟ್ಟಿದ ಒಬ್ಬೊಬ್ಬರಿಗೂ ನಮ್ಮ ದುಡ್ಡಿನಲ್ಲಿ ಪಾಲಿತ್ತು.

ಅರವತ್ತೈದು ಸಾವಿರ ಹಿಡಿದು ಹೊರಟೆವು. ಅಷ್ಟಕ್ಕೆ ಯಾರು ಲೀಸು ಕೊಡುತ್ತಾರೆ? ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಒಳಗೆ ಬಸಲಿಂಗನ ದನಿ ಕೇಳಿಸಿತು. "ಅವ್ವಾರ, ಮುಂದಿನ ತಿಂಗಳ ಪೂರ್ತಿ ಲಕ್ಷ ನಂದ ಅಲ್ರಿ? ಹಿತ್ತಲ ಮನಿ ನನಗ ಇಡ್ರಿ."

ನೀಲಪ್ಪನಿಗೆ ಅದು ಕೇಳಿಸಲಿಲ್ಲ. ಆಗಲೇ ರಸ್ತೆಗಿಳಿದು, ಇನ್ನೂ ರೈಲು ಬಾರದ ಮೆಟ್ರೋ ಕಂಬಗಳ ಕೆಳಗೆ ಎದೆ ಉಬ್ಬಿಸಿ ನಡೆಯುತ್ತಿದ್ದ. ಬೆಂಗಳೂರಿಗೆ ಬಂದ ಮೇಲೆ ಅವನು ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಪಾಪ ಅನ್ನಿಸಿತು, ಸಿಟ್ಟೂ ಬಂತು. ಆದರೆ ಜಗಳಕ್ಕೂ ಮೈಯಲ್ಲಿ ಬಲ ಬೇಕು.

"ನೋಡಿದಿಲ್ಲ, ಬಸಲಿಂಗನ ಮಾರಿ ಹೆಂಗಾಗಿತ್ತು?" ಎಂದು ಕೇಳಿದ.

"ನೋಡಿದ್ನಿ," ಎಂದೆ. "ಲಗೂನ ನಡೀರಿ. ನಾಳೆ ನಂದು ಮುಂಜಾನಿ ಶಿಫ್ಟ್ ಐತಿ."